ಮೇಷ್ಟ್ರಿಗೆ ಮೇಷ್ಟ್ರೇ ಗುರು

ಶಾಲೆಗೆ ಕಂಪ್ಯೂಟರ್ ಬಂದರೆ ಅದನ್ನು ಕಲಿಸುವವರು ಯಾರು? ಕೇರಳದ ಶಿಕ್ಷಣ ಇಲಾಖೆ ಇದಕ್ಕೆ ಹೊರಗಿನವರನ್ನು ಹುಡುಕಲಿಲ್ಲ. ಶಾಲೆಯಲ್ಲಿದ್ದ ಶಿಕ್ಷಕರನ್ನೇ ನಂಬಿತು. 2001ರಲ್ಲಿ ‘ಐಟಿ ಅಟ್ ಸ್ಕೂಲ್’ ಯೋಜನೆ ಹುಟ್ಟಿತು. ಅದಕ್ಕೆ ಶಿಫಾರಸು ಮಾಡಿದ ಕಾರ್ಯಪಡೆಯ ಮುಖ್ಯಸ್ಥರು ಉಡುಪಿ ಸೀಮೆಯ ಅದಮಾರಿನವರು, ಇಸ್ರೋ ಅಧ್ಯಕ್ಷರಾಗಿದ್ದ ಯು.ಆರ್. ರಾವ್.

ಹೆಚ್ಚುಕಡಿಮೆ ಅದೇ ಹೊತ್ತಿಗೆ ಕರ್ನಾಟಕದಲ್ಲಿ ಶಾಲೆಗಳಿಗೆ ಕಂಪ್ಯೂಟರ್ ತರುವ ‘ಮಾಹಿತಿ ಸಿಂಧು’ ಯೋಜನೆ ಶುರುವಾಯಿತು. ಇಲ್ಲಿ ಗುತ್ತಿಗೆ ಖಾಸಗಿ ಕಂಪನಿಗಳ ಪಾಲಾಯಿತು. ಯಂತ್ರದ ಜೊತೆ ಕಲಿಸುವವರನ್ನೂ ಅವೇ ಕಳಿಸಿದವು. ಗಣಿತ, ವಿಜ್ಞಾನದ ಮೇಷ್ಟ್ರುಗಳಿಗೆ ಕಂಪ್ಯೂಟರ್ ಲ್ಯಾಬು ಪರಕೀಯವಾಗಿಯೇ ಉಳಿಯಿತು.

ಕೇರಳ ಮಾಡಿದ್ದು ಮೇಲ್ನೋಟಕ್ಕೆ ಬರೀ ಸಿಬ್ಬಂದಿ ಹಂಚಿಕೆ. ಆಸಕ್ತಿಯಿದ್ದ ಶಿಕ್ಷಕರನ್ನು ಆರಿಸಿ, ಇಲಾಖೆಯ ನೌಕರರಾಗಿಯೇ ಉಳಿಸಿಕೊಂಡು, ಮಾಸ್ಟರ್ ಟ್ರೈನರುಗಳಾಗಿ ನಿಯೋಜಿಸಿದರು. ಹೈಸ್ಕೂಲುಗಳಲ್ಲಿ ಒಬ್ಬ ಶಿಕ್ಷಕರಿಗೆ ಐಟಿ ಸಂಯೋಜಕರ ಹೊಣೆ ಬಿತ್ತು. ತರಬೇತಿ ಕೊಟ್ಟವರು ನಿನ್ನೆ ಮೊನ್ನೆಯವರೆಗೆ ಸೀಮೆಸುಣ್ಣ ಹಿಡಿದವರು. ನಲವತ್ತು ಮಕ್ಕಳ ತರಗತಿಯ ಗದ್ದಲ ಅವರಿಗೆ ಗೊತ್ತಿತ್ತು. ಹಾಗಾಗಿ ಕಲಿಯಲು ಬಂದವರು ಸಂಕೋಚವಿಲ್ಲದೆ ಕೇಳಿದರು. ಕೊಚ್ಚಿಯ ಇಡಪ್ಪಳ್ಳಿಯಲ್ಲಿ ಪ್ರಾದೇಶಿಕ ಸಂಪನ್ಮೂಲ ಕೇಂದ್ರವೂ ಎದ್ದಿತು. ಶಾಲೆಗಳಿಗೆಂದೇ ಲಿನಕ್ಸ್ ಆವೃತ್ತಿ ಸಿದ್ಧವಾದಾಗ ಅದರಲ್ಲಿ ಶಿಕ್ಷಕರ ಕೈಯಿತ್ತು, ಇದು ಸಣ್ಣ ಮಾತಲ್ಲ. 2017ರಲ್ಲಿ ಯೋಜನೆ ‘ಕೈಟ್’ ಎಂಬ ಸರ್ಕಾರಿ ಕಂಪನಿಯಾಯಿತು.

ಕರ್ನಾಟಕವೂ ದಾರಿ ಬದಲಿಸಿತು. 2011ರಲ್ಲಿ ಇಲಾಖೆ ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆಯೊಡನೆ ಹೈಸ್ಕೂಲು ಶಿಕ್ಷಕರಿಗೆ ವಿಷಯವಾರು ವೇದಿಕೆಗಳನ್ನು ಕಟ್ಟಿತು. ಗಣಿತದವರು ಗಣಿತದವರನ್ನು ಕೇಳಿ ಕಲಿಯತೊಡಗಿದರು.

ಆದರೆ ಕೂಡಿ ಕಲಿಯಲು ಹೊತ್ತು ಬೇಕು. ಕೇರಳದ ಶಾಲೆಗಳಲ್ಲಿ ‘ಎಸ್‌ಆರ್‌ಜಿ’ (ಸ್ಕೂಲ್ ರಿಸೋರ್ಸ್ ಗ್ರೂಪ್) ಸಭೆ ರೂಢಿಯಾಗಿದೆ. ಒಂದೇ ಶಾಲೆಯ ಶಿಕ್ಷಕರು ಕೂತು ಮುಂದಿನ ಪಾಠ ಯೋಜಿಸುತ್ತಾರೆ. ನೆರೆಹೊರೆಯ ಶಾಲೆಗಳವರು ಸೇರುವ ಕ್ಲಸ್ಟರ್ ಸಭೆಗೆ ಮಾತ್ರ ಶನಿವಾರವೇ ಗತಿ, ಅಂದರೆ ರಜೆಯ ದಿನ. 2024ರಲ್ಲಿ ಅಲ್ಲಿನ ಇಲಾಖೆ ವರ್ಷಕ್ಕೆ 220 ಶಾಲಾ ದಿನಗಳ ಲೆಕ್ಕ ತುಂಬಿಸಲು 25 ಶನಿವಾರಗಳನ್ನು ಶಾಲಾ ದಿನಗಳೆಂದು ಸಾರಿದಾಗ ಶನಿವಾರದ ಜಗಳ ಕೊಚ್ಚಿಯ ಹೈಕೋರ್ಟು ಮುಟ್ಟಿತು. ಆಗಸ್ಟಿನಲ್ಲಿ ನ್ಯಾಯಾಲಯ ಆ ವೇಳಾಪಟ್ಟಿಯನ್ನು ರದ್ದು ಮಾಡಿತು. ಶಿಕ್ಷಕರನ್ನು ಕೇಳದೆಯೇ ಅವರ ಶನಿವಾರಗಳನ್ನು ತುಂಬಿಸಲಾಗಿತ್ತು.