ಯಾರು ಬಾಗಬೇಕು? ಮಂಡ್ಯ ಸೀಮೆಯಲ್ಲಿ ಕ್ರಿಸ್ತನ ದೀನತೆಯ ಚರಿತ್ರೆ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ 'ತಗ್ಗಿ ಬಗ್ಗಿ ನಡಿ' ಅನ್ನೋದು ಯಾರೂ ಪುಸ್ತಕ ಓದಿ ಕಲಿತ ಮಾತಲ್ಲ. ಕೇರಿಯ ಹುಡುಗನಿಗೆ ನಡಿಗೆ ಬಂದ ಕೂಡಲೆ ಅವ್ವ ಹೇಳಿಕೊಡುತ್ತಿದ್ದ ಮೊದಲ ಪಾಠ ಅದು. ಗೌಡರು ಎದುರಿಗೆ ಬಂದರೆ ಎಕ್ಕಡ ಕೈಗೆ ತಗೋ, ಹೆಗಲ ಮೇಲಿನ ಟವೆಲ್ಲು ಕಂಕುಳಿಗೆ ಇಟ್ಟುಕೋ, ದಾರಿ ಬಿಟ್ಟು ನಿಲ್ಲು. ಹೀಗೆ ತಲೆತಲಾಂತರದಿಂದ ಬೆನ್ನು ಬಾಗಿದವನ ಹತ್ತಿರಕ್ಕೆ ಇನ್ನೊಬ್ಬರು ಬಂದು, 'ಮಗೂ, ದೀನನಾಗು, ಅದೇ ದೇವರಿಗೆ ಇಷ್ಟ' ಅಂದರೆ ಅವನು ಏನಂತ ತಿಳಿಯಬೇಕು?

ಕ್ರೈಸ್ತನಾಗಿ ನಿಷ್ಠೆಯಿಂದ ಬಾಳೋದು ಹೇಗೆ ಅಂತ ಕೇಳಿದರೆ ಪಾದ್ರಿಗಳು ಎರಡು ಮಾತು ಹೇಳುತ್ತಾರೆ. ಒಂದು, ದೀನತೆ. ಇನ್ನೊಂದು, ಗ್ರಂಥದ ಓದು. ಆ ಗ್ರಂಥವನ್ನು ಕ್ಯಾಥೊಲಿಕರು ಶ್ರೀಗ್ರಂಥ ಅಂತಾರೆ, ಪ್ರೊಟೆಸ್ಟೆಂಟರು ಸತ್ಯವೇದ ಅಂತಾರೆ. ಈ ಎರಡೂ ನಮ್ಮ ಸೀಮೆಗೆ ಹೇಗೆ ಬಂದವು, ಯಾರ ಪಾಲಿಗೆ ಯಾವುದು ಬಂತು ಅನ್ನೋದನ್ನು ನಾವು ಇಲ್ಲಿ ನೋಡಬೇಕಾಗಿದೆ. ನಮ್ಮ ಅನುಮಾನ ಇಷ್ಟೆ: ಕೇರಿಗೆ ದೀನತೆಯ ಉಪದೇಶ ಧಾರಾಳವಾಗಿ ಸಿಕ್ಕಿತು, ಗ್ರಂಥ ಬಹಳ ತಡವಾಗಿ ಸಿಕ್ಕಿತು. ಗ್ರಂಥ ಕೈಗೆ ಬಂದ ಮೇಲೆ ದೀನತೆಯ ಅರ್ಥವೇ ಬೇರೆಯಾಗಿ ಕಂಡಿತು.

ಈ ಚರಿತ್ರೆ ಶುರುವಾಗೋದು ಇವತ್ತಿನ ಮಂಡ್ಯ ಜಿಲ್ಲೆಗೆ ಸೇರಿದ ಶ್ರೀರಂಗಪಟ್ಟಣದಲ್ಲಿ. 1648-49ರ ಸುಮಾರಿಗೆ ಇಟಲಿಯ ಜೆಸ್ವಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಮಿ ಅಲ್ಲಿಗೆ ಬಂದು ಮೈಸೂರು ಮಿಷನ್ ಹೂಡಿದರು. ಆಗ ಕಂಠೀರವ ನರಸರಾಜ ಒಡೆಯರ ಆಳ್ವಿಕೆ. ಈ ಪಾದ್ರಿ ಕನ್ನಡ ಕಲಿತು ಧರ್ಮೋಪದೇಶದ ಪುಸ್ತಕ, ವ್ಯಾಕರಣ, ಶಬ್ದಕೋಶ ಬರೆದರು ಅಂತ ಜೆಸ್ವಿಟ್ ದಾಖಲೆಗಳು ಹೇಳುತ್ತವೆ. ನೆಲದ ಭಾಷೆಗೆ ತಲೆ ಬಾಗಿದ್ದು ದೊಡ್ಡ ಕೆಲಸವೇ. ಆದರೆ ಅವರು ತೊಟ್ಟ ವೇಷ ಯಾವುದು? ಕಾವಿ, ಸನ್ಯಾಸಿಯ ವೇಷ. ಇದಕ್ಕೆ ಮಾದರಿ ಹಾಕಿಕೊಟ್ಟವರು ಮಧುರೆಯ ರಾಬರ್ಟ್ ಡಿ ನೊಬಿಲಿ. 1606ರಲ್ಲಿ ಮಧುರೆಗೆ ಬಂದ ಅವರು ಮಾಂಸ ಬಿಟ್ಟರು, ಬ್ರಾಹ್ಮಣ ಅಡಿಗೆಯವನನ್ನು ಇಟ್ಟುಕೊಂಡರು. ಯೂರೋಪಿನ ಶ್ರೀಮಂತ ಮನೆತನದ ಒಬ್ಬ ಹೀಗೆ ನೆಲದ ಮೇಲೆ ಕೂತು ಅನ್ನ ಸಾರು ಉಂಡನಲ್ಲಾ, ಎಂಥಾ ದೀನತೆ ಅಂತ ಹೊಗಳಿ ಬರೆದವರಿದ್ದಾರೆ. ಕೇರಿಯಲ್ಲಿ ನಿಂತು ನೋಡಿದರೆ ಅದು ಹಾಗೆ ಕಾಣೋದಿಲ್ಲ. ಅವರು ಇಳಿದದ್ದಲ್ಲ, ಹತ್ತಿದ್ದು. ಯೂರೋಪಿನ ಮೆಟ್ಟಿಲಿಂದ ಇಲ್ಲಿನ ಮೆಟ್ಟಿಲಿಗೆ ದಾಟಿಕೊಂಡರು, ಅದೂ ಮೇಲಿನ ಮೆಟ್ಟಿಲಿಗೆ.

ಮೇಲಿನ ಮೆಟ್ಟಿಲಲ್ಲಿ ನಿಂತ ಸನ್ಯಾಸಿ ಪಾದ್ರಿ ಹೊಲಗೇರಿಗೆ ಬರೋ ಹಾಗಿಲ್ಲ. ಬಂದರೆ ಜಾತಿ ಕೆಡುತ್ತೆ. ಅದಕ್ಕೆ ಮಧುರೆಯಲ್ಲಿ 1640ರ ಸುಮಾರಿಗೆ ಇನ್ನೊಂದು ಉಪಾಯ ಹೂಡಿದರು: ಕೆಳಜಾತಿಗಳ ಜೊತೆ ಬೆರೆಯೋದಕ್ಕೆ ಪಂಡಾರಸ್ವಾಮಿ ಅಂತ ಬೇರೆ ವೇಷದ ಪಾದ್ರಿಗಳು. ದೇವರು ಒಬ್ಬನೇ, ಪಾದ್ರಿ ಮಾತ್ರ ಎರಡು ಥರ! ಈ ವಿವಾದ ರೋಮಿನವರೆಗೆ ಹೋಗಿ ನೂರು ವರ್ಷಕ್ಕೂ ಹೆಚ್ಚು ಎಳೆದಾಡಿತು. 1744ರಲ್ಲಿ ಪೋಪ್ ಹದಿನಾಲ್ಕನೇ ಬೆನೆಡಿಕ್ಟ್ ಕಟ್ಟಾಜ್ಞೆ ಹೊರಡಿಸಿದರು. ಸಾಯುವ ಹೊಲೆಯನ ಗುಡಿಸಲಿಗೆ ಪಾದ್ರಿ ಹೋಗಿಯೇ ಕೊನೆಯ ಸಂಸ್ಕಾರ ಕೊಡಬೇಕು ಅಂತಾಯಿತು. ಅದರಲ್ಲೂ ಒಂದು ಸಂದು ಬಿಟ್ಟರು. ಅಸ್ಪೃಶ್ಯರಿಗೆ ಅಂತಲೇ ಪ್ರತ್ಯೇಕ ಪಾದ್ರಿಗಳನ್ನು ನೇಮಿಸುತ್ತೇವೆ ಅಂತ ಜೆಸ್ವಿಟರು ಹೇಳಿದ್ದನ್ನು ಒಪ್ಪಿಕೊಂಡರು. ಸಾಯುವವನ ಗುಡಿಸಲ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಹೋಗೋದಕ್ಕೆ ಪೋಪರ ಆಜ್ಞೆ ಬೇಕಾಯಿತು ಅನ್ನೋದನ್ನು ದೀನತೆಯ ಬಗ್ಗೆ ಉಪದೇಶ ಮಾಡುವವರು ನೆನಪಿಟ್ಟುಕೊಂಡರೆ ಒಳ್ಳೇದು.

1773ರಲ್ಲಿ ಜೆಸ್ವಿಟ್ ಸಂಘವನ್ನೇ ಪೋಪರು ರದ್ದು ಮಾಡಿದರು. 1784ರಲ್ಲಿ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ತಂದ ಕಥೆಯನ್ನು ಬಹಳ ಜನ ಬಹಳ ರೀತಿಯಲ್ಲಿ ಬರೆದಿದ್ದಾರೆ. ಅದು ಇಲ್ಲಿ ನಮ್ಮ ವಿಷಯವಲ್ಲ. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬ್ವಾ ಬಂದರು. ಗಂಜಾಮಿನಲ್ಲಿ ಚರ್ಚು ಕಟ್ಟಿದರು. ಜನ ಅವರನ್ನು ದೊಡ್ಡಸ್ವಾಮಿಯವರು ಅಂತ ಕರೆದರು. ದೇಶೀ ಉಡುಪು, ದೇಶೀ ಊಟ. ಸಿಡುಬಿನ ಕಾಲದಲ್ಲಿ ಊರೂರು ತಿರುಗಿ ದೇವಿ ಹಾಕಿಸಿದರು. ಹಾಸನದ ಹತ್ತಿರ ಸಾತಹಳ್ಳಿಯಲ್ಲಿ ಬೇಸಾಯದ ನೆಲೆ ಮಾಡಿಕೊಟ್ಟರು. ಇದನ್ನೆಲ್ಲಾ ನಾವು ಸಣ್ಣದು ಅನ್ನೋದಿಲ್ಲ. ಜೀವ ಉಳಿಸಿದ ಕೈಗೆ ಕೈ ಮುಗಿಯಲೇಬೇಕು.

ಆದರೆ ಇದೇ ದೊಡ್ಡಸ್ವಾಮಿಯವರು ಹಿಂದೂಗಳ ಆಚಾರ ವಿಚಾರದ ಮೇಲೆ ದೊಡ್ಡ ಗ್ರಂಥ ಬರೆದರು. ಕಂಪನಿ ಸರ್ಕಾರ ಅದನ್ನು ದುಡ್ಡು ಕೊಟ್ಟು ಕೊಂಡು, 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಬಹುಭಾಗ ಹಿಂದಿನ ಜೆಸ್ವಿಟ್ ಪಾದ್ರಿ ಕೊರ್ದೂ ಬರೆದಿಟ್ಟಿದ್ದರಿಂದ ಎತ್ತಿಕೊಂಡದ್ದು ಅಂತ ಈಚಿನ ವಿದ್ವಾಂಸರು ತೋರಿಸಿದ್ದಾರೆ, ಅದಿರಲಿ. ಆ ಪುಸ್ತಕದಲ್ಲಿ ಜಾತಿಪದ್ಧತಿಯನ್ನು ಹಿಂದೂ ಶಾಸನಕರ್ತರ ಅತ್ಯುತ್ತಮ ಸೃಷ್ಟಿ ಅಂತ ಹೊಗಳಿದ್ದಾರೆ. ಜಾತಿಯ ಕಟ್ಟು ಇಲ್ಲದೆ ಹೋದರೆ ಈ ಜನ ಏನಾಗುತ್ತಿದ್ದರು ಅನ್ನೋದಕ್ಕೆ ಅವರು ಕೈ ತೋರಿಸೋದು ಯಾರ ಕಡೆಗೆ? ಹೊಲಗೇರಿಯ ಕಡೆಗೆ! ಜಾತಿಯ ಕಟ್ಟೇ ಹೊಲಗೇರಿಯನ್ನು ಮಾಡಿದ್ದು ಅನ್ನೋದು ಮೂವತ್ತು ವರ್ಷ ಈ ದೇಶದಲ್ಲಿದ್ದವರಿಗೆ ಕಾಣಲಿಲ್ಲ.

ಊರಿಗೆ ವಾಪಸು ಹೋದ ವರ್ಷವೇ, 1823ರಲ್ಲಿ, ಇಂಡಿಯಾದ ಕ್ರೈಸ್ತಧರ್ಮದ ಸ್ಥಿತಿಯ ಮೇಲೆ ಅವರು ಬರೆದ ಪತ್ರಗಳು ಅಚ್ಚಾದವು. ಬೈಬಲನ್ನು ಇಲ್ಲಿನ ಭಾಷೆಗಳಿಗೆ ತಂದು ಹಂಚೋದು ವ್ಯರ್ಥ ಅಂತ ಅಲ್ಲಿ ವಾದ ಮಾಡಿದ್ದಾರೆ. ಕಾರಣ ಕೇಳಿದರೆ ನಗು ಬರುತ್ತೆ. ದಾರಿ ತಪ್ಪಿದ ಮಗ ಮನೆಗೆ ಬಂದಾಗ ಅಪ್ಪ ಕೊಬ್ಬಿದ ಕರು ಕಡಿಸಿ ಊಟ ಹಾಕಿಸಿದ ಅನ್ನೋ ಕಥೆಯನ್ನು ಓದಿದರೆ ಹಿಂದೂಗಳು ಹೇಸಿಕೊಂಡು ಪುಸ್ತಕ ಬಿಸಾಡುತ್ತಾರೆ ಅಂತ ಅವರ ಚಿಂತೆ. ಯಾವ ಹಿಂದೂಗಳು ಸ್ವಾಮಿ? ಸತ್ತ ದನ ಎಳೆದು, ಅದನ್ನೇ ತಿಂದು, ಅದಕ್ಕಾಗಿಯೇ ಊರ ಹೊರಗೆ ಕೂತ ಜನ ಆ ಕಥೆ ಕೇಳಿ ಹೇಸಿಕೊಳ್ಳುತ್ತಿದ್ದರೇ? ಮಗನಿಗೆ ಅಪ್ಪ ಬಾಡೂಟ ಹಾಕಿಸಿದ ಅಂತ ಕೇಳಿದರೆ ನಮ್ಮ ಕೇರಿಯ ಮುದುಕರಿಗೆ ಕಣ್ಣು ತುಂಬಿ ಬರುತ್ತಿತ್ತು. ಪಾದ್ರಿಯವರ ಮನಸ್ಸಿನಲ್ಲಿ ಗ್ರಂಥದ ಓದುಗ ಅಂದರೆ ಬ್ರಾಹ್ಮಣ. ಹೊಲೆಯ ಓದಿಯಾನು ಅನ್ನೋ ಯೋಚನೆಯೇ ಅವರ ಹತ್ತಿರ ಸುಳಿಯಲಿಲ್ಲ.

ಆದರೂ ಪುಸ್ತಕ ಬಂತು. ಬೇರೆ ದಿಕ್ಕಿನಿಂದ ಬಂತು. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಿಂದ ಕೂತು ಕನ್ನಡಕ್ಕೆ ತಂದರು. 1820ರ ದಶಕದಲ್ಲಿ ಹೊಸ ಒಡಂಬಡಿಕೆ, 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಸಿದ್ಧವಾಯಿತು. ಆಮೇಲೆ ಮೈಸೂರು ಸಂಸ್ಥಾನದಲ್ಲಿ ವೆಸ್ಲಿಯನ್ ಮಿಷನ್ನಿನವರು ಶಾಲೆ, ಅಚ್ಚುಕೂಟ ತೆರೆದರು. ಅವರೂ ಮೊದಲು ಕಣ್ಣಿಟ್ಟಿದ್ದು ಪೇಟೆಯ ಮೇಲ್ಜಾತಿ ಹುಡುಗರ ಮೇಲೆಯೇ. ಆ ಹುಡುಗರು ಇಂಗ್ಲಿಷ್ ಕಲಿತುಕೊಂಡು ಅಮಲ್ದಾರರಾದರು, ಕ್ರಿಸ್ತನನ್ನು ಅಲ್ಲೇ ಬಿಟ್ಟು ಹೋದರು. ಕ್ರಿಸ್ತನನ್ನು ಹಿಡಿದುಕೊಂಡವರು ಹೆಚ್ಚಾಗಿ ಹಸಿದವರು, 1876-78ರ ಬರದಲ್ಲಿ ಅಪ್ಪ ಅವ್ವನ್ನ ಕಳಕೊಂಡ ಮಕ್ಕಳು, ಕೇರಿಯವರು. ಪ್ರೊಟೆಸ್ಟೆಂಟರಲ್ಲಿ ಒಂದು ಗುಣವುಂಟು: ನಂಬಬೇಕಾದರೆ ಓದಬೇಕು. ಓದಬೇಕಾದರೆ ಅಕ್ಷರ ಕಲಿಸಬೇಕು. ಬೈಬಲ್ ಹೆಂಗಸರು ಅಂತಲೇ ಹೆಸರಾದ ಹೆಣ್ಣುಮಕ್ಕಳು ಮನೆಮನೆಗೆ ಹೋಗಿ ಓದಿ ಹೇಳಿದರು. ಹೆಣ್ಣೊಬ್ಬಳು ಗ್ರಂಥ ಬಿಚ್ಚಿ ಓದೋದು, ಗಂಡಸರು ಕೂತು ಕೇಳೋದು! ಯಾವ ಅಗ್ರಹಾರದಲ್ಲಿ ಇದು ನಡೆದಿತ್ತು? ಕ್ಯಾಥೊಲಿಕರ ಪೂಜೆ ಮಾತ್ರ 1962-65ರ ಎರಡನೇ ವ್ಯಾಟಿಕನ್ ಮಹಾಸಭೆ ಮುಗಿಯುವವರೆಗೆ ಲ್ಯಾಟಿನಿನಲ್ಲೇ ನಡೆಯಿತು. ಸಂಸ್ಕೃತಕ್ಕೂ ಲ್ಯಾಟಿನಿಗೂ ಕೇರಿಯವನ ಕಿವಿಗೆ ಏನು ವ್ಯತ್ಯಾಸ?

ಓದಿಕೊಂಡ ಮೇಲೆ ಏನು ಕಂಡಿತು? ಗುರುವಾದವನು ಸೊಂಟಕ್ಕೆ ಟವೆಲ್ಲು ಸುತ್ತಿಕೊಂಡು ಬೆಸ್ತರ ಕಾಲು ತೊಳೆಯುತ್ತಾನೆ. ಶಿಷ್ಯರು ಅವನ ಕಾಲು ತೊಳೆದ ಕಥೆಯಲ್ಲ ಅದು. ಬಡಗಿಯನ್ನು ಮದುವೆಯಾಗಬೇಕಿದ್ದ ಹುಡುಗಿ ಮರಿಯ, ಹೊಟ್ಟೆಯಲ್ಲಿ ಕೂಸಿಟ್ಟುಕೊಂಡು, ಗದ್ದಿಗೆಯ ಮೇಲೆ ಕೂತವರು ಉರುಳಿ ಬೀಳುತ್ತಾರೆ ಅಂತ ಹಾಡುತ್ತಾಳೆ. ಇಲ್ಲಿ ಬಾಗೋ ಕೆಲಸ ಮೇಲಿದ್ದವನದು. ನೆಟ್ಟಗೆ ನಿಂತವನು ತಾನೇ ಬಾಗಬಲ್ಲ? ಮೊದಲೇ ಬಗ್ಗಿಸಿಟ್ಟವನಿಗೆ 'ಬಾಗು' ಅನ್ನೋದು ದೀನತೆಯ ಉಪದೇಶವಲ್ಲ, ಹಳೇ ಗೌಡಿಕೆಯೇ ಶಿಲುಬೆ ಹಾಕಿಕೊಂಡು ಬಂದದ್ದು.

ಇದು ನಮ್ಮ ಸೀಮೆಗೆ ಹೊಸ ಮಾತೂ ಅಲ್ಲ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿಯ ಮಠ ಇದೆ. ನೀಲಗಾರರು ತಂಬೂರಿ ಹಿಡಿದು ಹಾಡುವ ಆ ಕಾವ್ಯದ ಊರುಗಳೆಲ್ಲ ನಮ್ಮ ಊರುಗಳೇ. ಮಂಟೇಸ್ವಾಮಿ ಮಗನಾಗಿ ಕೇಳಿದ ಆಚಾರಿ ಹುಡುಗ ಕೆಂಪಾಚಾರಿ ಮದ್ದೂರಿನ ನಿಡಘಟ್ಟದವನು. ಅವನೇ ಸಿದ್ಧಪ್ಪಾಜಿಯಾಗಿ ಕಬ್ಬಿಣದ ಭಿಕ್ಷೆಗೆ ಹೋಗಿ ಪಡಬಾರದ ಪಾಡು ಪಟ್ಟಿದ್ದು ಮಳವಳ್ಳಿಯ ಹಲಗೂರಿನ ಪಾಂಚಾಳರ ಕೈಯಲ್ಲಿ. ಅದಕ್ಕೂ ಮೊದಲು ಮಂಟೇಸ್ವಾಮಿ ಕಲ್ಯಾಣಕ್ಕೆ ಹೋಗುತ್ತಾನೆ. ಹೇಗೆ? ಮೈಯೆಲ್ಲ ಕೀವು ರಕ್ತ, ಮುಟ್ಟಬಾರದವನ ರೂಪ. ಶರಣರೆಲ್ಲ ಮೂಗು ಮುಚ್ಚಿಕೊಂಡು ಅಟ್ಟುತ್ತಾರೆ. ಕೊನೆಗೆ ಬಸವಣ್ಣನೇ ಬಂದು ಕಾಲು ಹಿಡಿಯಬೇಕಾಗುತ್ತೆ. ಬಸವಣ್ಣನ ಭಕ್ತಿಯ ಪರೀಕ್ಷೆ ಅವನ ವಚನದಲ್ಲಿ ಆಗಲಿಲ್ಲ, ತಿಪ್ಪೆಯ ಹತ್ತಿರ ಆಯಿತು ಅಂತ ನಮ್ಮ ಹಾಡುಗಾರರಿಗೆ ಗೊತ್ತಿತ್ತು. ಕಾವಿ ಉಟ್ಟ ಪಾದ್ರಿಗಳು ಬ್ರಾಹ್ಮಣರ ಹತ್ತಿರ ಕೂತು ವೇದಾಂತ ಚರ್ಚೆ ಮಾಡೋ ಬದಲು ಒಂದು ರಾತ್ರಿ ನೀಲಗಾರರ ಜಗಲಿಯಲ್ಲಿ ಕೂತು ಈ ಕಥೆ ಕೇಳಿದ್ದರೆ, ತಾವು ಹೇಳಬೇಕಾದ ಕಥೆ ಇಲ್ಲಿ ಅರ್ಧ ಆಗಲೇ ಇದೆ ಅಂತ ತಿಳಿಯುತ್ತಿತ್ತು.

ಅಂಬೇಡ್ಕರ್ ಈ ವಿಷಯವನ್ನು ನಮಗಿಂತ ಕಟುವಾಗಿ ಹೇಳಿದ್ದಾರೆ. ಮತಾಂತರವಾದ ಅಸ್ಪೃಶ್ಯನ ಸ್ಥಿತಿಯ ಮೇಲೆ ಅವರು ಬರೆದ ಪ್ರಬಂಧ ಅವರು ತೀರಿಕೊಂಡ ಮೇಲೆ ಅಚ್ಚಾಯಿತು. ನಿನ್ನ ಕಷ್ಟಕ್ಕೆ ಕಾರಣ ನಿನ್ನೊಳಗಿನ ಪಾಪ ಅಂತ ಕಲಿತವನು ಸುತ್ತಲಿನ ಸಮಾಜದ ಮೇಲೆ ಯಾಕೆ ಎದ್ದಾನು ಅನ್ನೋದು ಅವರ ಪ್ರಶ್ನೆ. ಚರ್ಚಿನ ಒಳಗೂ ಜಾತಿ ಹಾಗೇ ಉಳಿದಿರೋದನ್ನು ಅವರು ಎತ್ತಿ ತೋರಿಸಿದರು. ಪವಿತ್ರ ಗುರುವಾರದ ದಿನ ಹನ್ನೆರಡು ಜನರ ಕಾಲು ತೊಳೆಯುವ ಆಚರಣೆ ಕ್ಯಾಥೊಲಿಕ್ ಚರ್ಚಿನಲ್ಲಿ ಇವತ್ತೂ ಇದೆ. ಹೆಂಗಸರ ಕಾಲೂ ತೊಳೆಯಬಹುದು ಅಂತ ನಿಯಮ ಬದಲಾಗಿದ್ದು 2016ರಲ್ಲಿ, ಪೋಪ್ ಫ್ರಾನ್ಸಿಸ್ ಕಾಲದಲ್ಲಿ. ಮಾರನೇ ದಿನ ಆ ಕಾಲಿನವರ ಮನೆಯಿಂದ ಹೆಣ್ಣು ತರುತ್ತಾರೆಯೇ ಅನ್ನೋದನ್ನು ಆಚರಣೆ ಕೇಳೋದಿಲ್ಲ, ನಾವು ಕೇಳುತ್ತೇವೆ.

ಇಷ್ಟರ ಮೇಲೆ ಸರ್ಕಾರದ್ದು ಬೇರೆ. 1950ರ ಪರಿಶಿಷ್ಟ ಜಾತಿಗಳ ಆದೇಶದ ಮೂರನೇ ಕಲಮಿನ ಪ್ರಕಾರ ಹಿಂದೂ ಅಲ್ಲದವನು ಪರಿಶಿಷ್ಟನಲ್ಲ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿಕೊಂಡರು. ಕ್ರೈಸ್ತ, ಮುಸ್ಲಿಮರು ಹೊರಗೇ ಉಳಿದರು. ಮದರಾಸಿನಲ್ಲಿ ರಸ್ತೆ ಬದಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ, ತನ್ನ ಜೊತೆ ಕೂತವರಿಗೆ ಸರ್ಕಾರ ಕೊಟ್ಟ ಪೆಟ್ಟಿಗೆ ಅಂಗಡಿ ತನಗೆ ಯಾಕಿಲ್ಲ ಅಂತ ಸುಪ್ರೀಂ ಕೋರ್ಟಿಗೆ ಹೋದರು. ಕ್ರೈಸ್ತನಾದ ಮೇಲೂ ಅದೇ ತೀವ್ರತೆಯ ಅಸ್ಪೃಶ್ಯತೆ ಇದೆ ಅನ್ನೋದಕ್ಕೆ ಪುರಾವೆ ಸಾಲದು ಅಂತ 1985ರಲ್ಲಿ ಕೋರ್ಟು ಅರ್ಜಿ ತಳ್ಳಿಹಾಕಿತು. ಮೂರನೇ ಕಲಮನ್ನು ತೆಗೆಯಿರಿ ಅಂತ ರಂಗನಾಥ ಮಿಶ್ರ ಆಯೋಗ 2007ರಲ್ಲಿ ಹೇಳಿತು. 2022ರಲ್ಲಿ ಬಾಲಕೃಷ್ಣನ್ ಆಯೋಗ ಅಂತ ಇನ್ನೊಂದನ್ನು ನೇಮಿಸಿದರು. ಅದೇ ವರ್ಷ ಕರ್ನಾಟಕದಲ್ಲಿ ಮತಾಂತರದ ಕಾಯ್ದೆ ಬಂತು. ದಲಿತರು, ಹೆಂಗಸರು, ಮಕ್ಕಳು ಮೂವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ, ಇವರನ್ನು ಅಕ್ರಮವಾಗಿ ಮತಾಂತರಿಸಿದರೆ ಮೂರರಿಂದ ಹತ್ತು ವರ್ಷ ಜೈಲು ಅಂದಿತು. ಇವರಿಗೆ ಸ್ವಂತ ಬುದ್ಧಿ ಇಲ್ಲ ಅಂತ ತಾನೇ ಅರ್ಥ? ಅದನ್ನು ರದ್ದು ಮಾಡಲು 2023ರ ಜೂನಿನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು.

ಇದರಿಂದ ಕೇರಿಯಲ್ಲಿ ಏನಾಗಿದೆ ಅಂದರೆ, ಎಷ್ಟೋ ಜನಕ್ಕೆ ದೇವರ ಮುಂದೆ ಒಂದು ಹೆಸರು, ತಹಸೀಲ್ದಾರರ ಮುಂದೆ ಇನ್ನೊಂದು ಹೆಸರು. ಸುಳ್ಳು ಹೇಳಬೇಡ ಅಂತ ಗ್ರಂಥ ಹೇಳುತ್ತೆ. ನಿಜ ಹೇಳಿದರೆ ಮಗಳ ಸ್ಕಾಲರ್‌ಶಿಪ್ಪು, ಹಾಸ್ಟೆಲ್ಲು ಹೋಗುತ್ತೆ. ಇಂಥವರನ್ನು 'ಅಕ್ಕಿ ಕ್ರೈಸ್ತರು' ಅಂತ ಆಡಿಕೊಳ್ಳುವವರು ತಮ್ಮ ನಂಬಿಕೆಗೆ ಏನು ಬೆಲೆ ತೆತ್ತಿದ್ದಾರೆ ಅಂತ ಹೇಳಲಿ. ಎರಡು ಹೆಸರು ಹೊತ್ತು ಬಾಳುವವರ ನಿಷ್ಠೆಯನ್ನು ಅಳೆಯೋ ಹಕ್ಕು ಪಾದ್ರಿಗೂ ಇಲ್ಲ, ಮಠಕ್ಕೂ ಇಲ್ಲ ಅನ್ನೋದು ನಮ್ಮ ಖಚಿತ ಅಭಿಪ್ರಾಯ.

ಹಳ್ಳಿ ಮೇಷ್ಟ್ರುಗಳಿಗೆ ಒಂದು ಮಾತು. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಪ್ರವರ್ಗ 1ರಲ್ಲಿದ್ದಾರೆ, ಉಳಿದ ಕ್ರೈಸ್ತರು 3ಬಿಯಲ್ಲಿದ್ದಾರೆ. ಶಾಲೆಗೆ ಸೇರಿಸುವಾಗ ಅಪ್ಪ ಅವ್ವ ಅಂಜಿಕೊಂಡು ಬರೀ 'ಕ್ರಿಶ್ಚಿಯನ್' ಅಂತ ಬರೆಸಿ ಹೋಗುತ್ತಾರೆ. ಆಮೇಲೆ ಹತ್ತನೇ ಕ್ಲಾಸಿನ ಹೊತ್ತಿಗೆ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತೆ. ದಾಖಲಾತಿ ಪುಸ್ತಕದಲ್ಲಿ ಬರೆಯೋ ಮೊದಲು ಅವರನ್ನು ಕುರ್ಚಿಯಲ್ಲಿ ಕೂರಿಸಿ, ಎರಡೂ ಪಟ್ಟಿಯನ್ನು ಓದಿ ಹೇಳಿ.