ರುಜು ಕಲಿತ ರಾತ್ರಿ

ಬಡ ಹೆಂಗಸರಿಗೆ ವ್ಯಾಪಾರ ಕಲಿಸುವುದು ಎಂಬ ಮಾತನ್ನು ಕೇಳಿದಾಗಲೆಲ್ಲ ನನಗೆ ತುಸು ಸಂಕೋಚವಾಗುತ್ತದೆ. ಸಂತೆಯಲ್ಲಿ ಸೊಪ್ಪು ಮಾರುವ ಮುದುಕಿ ನಾಲ್ಕಾರು ಗಿರಾಕಿಗಳ ಲೆಕ್ಕವನ್ನು ಬಾಯಲ್ಲೇ ಮಾಡುತ್ತಾಳೆ. ಬಿಸಿಲೇರಿ ಕಂತೆ ಬಾಡುವ ಮುನ್ನ ಬೆಲೆಯನ್ನು ಎಷ್ಟು ಇಳಿಸಬೇಕೆಂಬುದನ್ನೂ ಬಲ್ಲಳು. ಮೂವತ್ತೈದು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದ ನನಗೆ ಆ ವಿದ್ಯೆ ಒಲಿದಿಲ್ಲ. ಹಾಗಾದರೆ ಆಕೆಯ ಬಳಿ ಇಲ್ಲದಿರುವುದು ಯಾವುದು, ಇನ್ನೊಬ್ಬರು ಆಕೆಗೆ ಕಲಿಸಬೇಕಾದದ್ದು ಯಾವುದು? ಈ ಪ್ರಶ್ನೆಯನ್ನು ಹಿಡಿದು ಹೊರಟವರು ಅಹಮದಾಬಾದಿಗೆ ಹೋಗದೆ ವಿಧಿಯಿಲ್ಲ.

ಅಹಮದಾಬಾದು ಬಟ್ಟೆ ಗಿರಣಿಗಳ ಊರು. ಅಲ್ಲಿನ ಗಿರಣಿ ಕಾರ್ಮಿಕರ ಸಂಘ ಅನಸೂಯಾ ಸಾರಾಭಾಯಿಯವರ ಮುಂದಾಳುತನದಲ್ಲಿ, ಗಾಂಧೀಜಿಯವರ ನೆರಳಿನಲ್ಲಿ, 1920ರಲ್ಲಿ ಹುಟ್ಟಿತು. ಅದರ ಮಹಿಳಾ ವಿಭಾಗವನ್ನು 1968ರಿಂದ ನೋಡಿಕೊಳ್ಳುತ್ತಿದ್ದವರು ಇಳಾ ಭಟ್. ಗಿರಣಿಯ ಗೋಡೆಯೊಳಗೆ ಕೆಲಸ ಮಾಡುವವರಿಗೇನೋ ಸಂಘವಿತ್ತು. ಗೋಡೆಯ ಹೊರಗೆ ಜವಳಿ ಪೇಟೆಯಲ್ಲಿ ತಲೆಹೊರೆ ಹೊರುವವರು, ಕೈಗಾಡಿ ಎಳೆಯುವವರು, ತರಕಾರಿ ಮಾರುವವರು, ಪಾತ್ರೆ ಕೊಟ್ಟು ಹಳೆಬಟ್ಟೆ ಕೊಂಡು ಅದನ್ನು ಒಗೆದು ಹೊಲಿದು ಮತ್ತೆ ಮಾರುವವರು, ಇವರನ್ನು ಕೇಳುವವರಿರಲಿಲ್ಲ. ಅಂಥ ಹೆಂಗಸರನ್ನು ಕೂಡಿಸಿಕೊಂಡು 1972ರಲ್ಲಿ ಇಳಾ ಭಟ್ ‘ಸೇವಾ’ ಎಂಬ ಸಂಘವನ್ನು ಕಟ್ಟಿದರು. ನೋಂದಣಿಗೆ ಹೋದಾಗ ಕಾರ್ಮಿಕ ಇಲಾಖೆಯವರ ಆಕ್ಷೇಪಣೆ ಎದುರಾಯಿತು: ಇವರಿಗೆ ಧಣಿಯೇ ಇಲ್ಲವಲ್ಲ, ಸಂಘ ಯಾರ ವಿರುದ್ಧ ಹೋರಾಡುತ್ತದೆ? ಸಂಘವೆಂದರೆ ಒಬ್ಬರ ವಿರುದ್ಧ ನಿಲ್ಲುವುದಷ್ಟೇ ಅಲ್ಲ, ದುಡಿಯುವವರು ಒಂದಾಗುವುದು ಎಂದು ವಾದಿಸಿ ಗೆಲ್ಲಬೇಕಾಯಿತು. ಹನ್ನೆರಡನೆಯ ಶತಮಾನದಲ್ಲೇ ಕದಿರ ರೆಮ್ಮವ್ವೆ, ಐದಕ್ಕಿ ಲಕ್ಕಮ್ಮ ಎಂದು ಹೆಂಗಸರನ್ನು ಅವರವರ ಕಾಯಕದಿಂದಲೇ ಗುರುತಿಸಿದ ಭಾಷೆಯವರಾದ ನಮಗೆ ಈ ಆಕ್ಷೇಪಣೆ ವಿಚಿತ್ರವಾಗಿ ಕಂಡೀತು. ಕಾನೂನಿನ ಕಣ್ಣಿಗೆ ಮಾತ್ರ ಧಣಿಯಿಲ್ಲದ ದುಡಿಮೆ ದುಡಿಮೆಯೇ ಆಗಿರಲಿಲ್ಲ.

ಇನ್ನು ಬಂಡವಾಳದ ವಿಚಾರ. ಬೆಳಗ್ಗೆ ತರಕಾರಿ ಕೊಳ್ಳಲು ಐವತ್ತು ರೂಪಾಯಿ ಸಾಲ ತಂದರೆ ಸಂಜೆಗೆ ಐವತ್ತೈದು ತೀರಿಸಬೇಕು. ದಿನಕ್ಕೆ ನೂರಕ್ಕೆ ಹತ್ತರ ಬಡ್ಡಿ! ಆಕೆಗೆ ಲೆಕ್ಕ ಬಾರದೆ ಅಂಥ ಸಾಲ ತಂದಳೆಂದು ತಿಳಿಯುವುದು ನಮ್ಮ ಅಜ್ಞಾನ. ಲೆಕ್ಕ ಅವಳಿಗೆ ಚೆನ್ನಾಗಿ ಗೊತ್ತು. ಬೇರೆ ಬಾಗಿಲು ಗೊತ್ತಿರಲಿಲ್ಲ. 1969ರಲ್ಲಿ ಬ್ಯಾಂಕುಗಳು ರಾಷ್ಟ್ರೀಕರಣವಾದ ಮೇಲೆ ಬಡವರಿಗೂ ಸಾಲ ಕೊಡಬೇಕೆಂದಾಯಿತು. ಸೇವಾದ ಸದಸ್ಯೆಯರು ಕೆಲಸದ ಮೈಲಿಗೆ ಬಟ್ಟೆಯಲ್ಲೇ, ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡು ಬ್ಯಾಂಕಿಗೆ ಹೋದರು. ಗುಮಾಸ್ತರ ಮುಖ ಸಿಂಡರಿಸಿತು. ಇವರ ವ್ಯಾಪಾರದ ಹೊತ್ತೂ ಬ್ಯಾಂಕಿನ ಹೊತ್ತೂ ಒಂದೇ. ಗಂಡನ ಹೆಸರೋ ತಂದೆಯ ಹೆಸರೋ ಎಂಬ ಗೊಂದಲ ಬೇರೆ. ಉಳಿತಾಯವನ್ನು ಮನೆಯಲ್ಲಿಟ್ಟರೆ ಗಂಡಸರ ಕೈಗೆ ಸಿಕ್ಕುವ ಭಯ. 1973ರ ಡಿಸೆಂಬರಿನ ಸಭೆಯೊಂದರಲ್ಲಿ ಹಳೆಬಟ್ಟೆ ವ್ಯಾಪಾರದ ಹೆಂಗಸೊಬ್ಬಳು, ನಮ್ಮದೇ ಒಂದು ಬ್ಯಾಂಕು ಏಕಿರಬಾರದು ಎಂದು ಕೇಳಿಬಿಟ್ಟಳು. ನಾವು ಬಡವರಲ್ಲವೇ ಎಂದು ಇಳಾ ಭಟ್ ನೆನಪಿಸಿದಾಗ, ಬಡವರೇ ಸರಿ, ಆದರೆ ಎಷ್ಟೊಂದು ಜನ ಇದ್ದೇವೆ ಎಂಬ ಉತ್ತರ ಬಂತು. 2006ರಲ್ಲಿ ಇಳಾ ಭಟ್ ಇಂಗ್ಲಿಷಿನಲ್ಲಿ ಹೊರತಂದ ಪುಸ್ತಕಕ್ಕೆ ಆ ಉತ್ತರವೇ ಹೆಸರಾಯಿತು.

ನಾಲ್ಕು ಸಾವಿರ ಮಂದಿ ತಲಾ 10 ರೂಪಾಯಿ ಷೇರು ಹಣ ಹಾಕಿದರು. ಆದರೆ ಓದುಬರಹ ಬಾರದವರ ಸಹಕಾರಿ ಬ್ಯಾಂಕು ನಡೆಯುವುದು ಹೇಗೆಂದು ಅಧಿಕಾರಿಗಳು ಅನುಮಾನಿಸಿದರು. ರುಜು ಹಾಕಲು ಬಾರದವರು ಪ್ರವರ್ತಕರಾಗುವುದೆಂತು? ಆ ಹೆಂಗಸರು ಇಡೀ ರಾತ್ರಿ ಎಚ್ಚರವಿದ್ದು ತಮ್ಮ ತಮ್ಮ ಹೆಸರನ್ನು ತಿದ್ದಿ ತಿದ್ದಿ ಕಲಿತರು. 1974ರಲ್ಲಿ ಬ್ಯಾಂಕು ನೋಂದಣಿಯಾಯಿತು. ಬಡ ಹೆಂಗಸರ ವ್ಯಾಪಾರ ಶಿಕ್ಷಣದ ಚರಿತ್ರೆಯನ್ನು ಬರೆಯುವುದಾದರೆ ನಾನು ಆ ರಾತ್ರಿಯಿಂದಲೇ ಮೊದಲುಮಾಡುತ್ತೇನೆ. ಅವರು ಅಂದು ಕಲಿತದ್ದು ವ್ಯಾಪಾರವಲ್ಲ, ವ್ಯಾಪಾರವನ್ನು ಸರ್ಕಾರ ಒಪ್ಪುವ ಭಾಷೆಯಲ್ಲಿ ಹೇಳುವುದನ್ನು. ರುಜು ಬಾರದ ಉಳಿದ ಸಾವಿರಾರು ಮಂದಿಗೆ ಬ್ಯಾಂಕು ಬೇರೊಂದು ಉಪಾಯ ಹೂಡಿತು: ಖಾತೆಯ ಸಂಖ್ಯೆ ಬರೆದ ಸ್ಲೇಟನ್ನು ಹಿಡಿದು ನಿಂತ ಫೋಟೋವೇ ಗುರುತು.

ನಮ್ಮ ಕಡೆಯಲ್ಲೂ ಇದಕ್ಕೆ ನೆಂಟಸ್ತಿಕೆಯುಳ್ಳ ಪ್ರಯತ್ನಗಳಿವೆ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಉಡುಪಿಯ ಸಂಸ್ಥೆ 1928ರಲ್ಲೇ ಪಿಗ್ಮಿ ಯೋಜನೆಯಿಂದ ದಿನಕ್ಕೆ ಎರಡಾಣೆಯನ್ನು ಮನೆಬಾಗಿಲಲ್ಲೇ ಕೂಡಿಸುತ್ತಿತ್ತು. 1982ರಲ್ಲಿ ಉಜಿರೆಯಲ್ಲಿ ರುಡ್‌ಸೆಟ್, 1983ರಲ್ಲಿ ಬೆಂಗಳೂರಿನಲ್ಲಿ ಮಹಿಳಾ ಉದ್ಯಮಿಗಳ ‘ಅವೇಕ್’ ಹುಟ್ಟಿದವು. ಇವೊಂದೊಂದಕ್ಕೂ ಒಂದೊಂದು ಭಾಷಣವೇ ಬೇಕು.

ಮತ್ತೆ ಅಹಮದಾಬಾದಿಗೆ ಬರೋಣ. ಸೇವಾ ಬ್ಯಾಂಕಿನ ಗ್ರಾಹಕರಾದ ಆರುನೂರಕ್ಕೂ ಹೆಚ್ಚು ಹೆಂಗಸರನ್ನು ಆಯ್ದು, 2006ರ ಸುಮಾರಿಗೆ ಎರಿಕಾ ಫೀಲ್ಡ್, ಸೀಮಾ ಜಯಚಂದ್ರನ್, ರೋಹಿಣಿ ಪಾಂಡೆ ಮೊದಲಾದ ಅರ್ಥಶಾಸ್ತ್ರಜ್ಞರು ಒಂದು ಪರೀಕ್ಷೆ ನಡೆಸಿದರು. ಎರಡು ದಿನದ ತರಬೇತಿ: ಬಡ್ಡಿಯ ಲೆಕ್ಕ, ಜಮಾಖರ್ಚು, ಮುಂದಿನ ಗುರಿಯನ್ನು ಗೊತ್ತುಮಾಡಿಕೊಳ್ಳುವುದು, ಗೆದ್ದ ಹೆಂಗಸರನ್ನು ತೋರಿಸುವ ಒಂದು ಚಲನಚಿತ್ರ. ಚೀಟಿ ಎತ್ತಿದಂತೆ ಕೆಲವರಿಗೆ ಒಬ್ಬರೇ ಬರುವಂತೆ, ಕೆಲವರಿಗೆ ಗೆಳತಿಯೊಬ್ಬಳನ್ನು ಕರೆದುಕೊಂಡು ಬರುವಂತೆ ಆಹ್ವಾನ. ಉಳಿದವರಿಗೆ ಆಹ್ವಾನವೇ ಇಲ್ಲ. ನಾಲ್ಕು ತಿಂಗಳ ಬಳಿಕ ನೋಡಿದರೆ, ಒಬ್ಬರೇ ಬರಲು ಕರೆ ಪಡೆದವರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಗೆಳತಿಯೊಡನೆ ಕರೆ ಪಡೆದವರು ಹೆಚ್ಚಾಗಿ ಸಾಲ ಪಡೆದು ಅದನ್ನು ವ್ಯಾಪಾರಕ್ಕೆ ತೊಡಗಿಸಿದ್ದರು. ಅವರ ಮನೆಯ ವರಮಾನವೂ ಏರಿತ್ತು. ಉದ್ಯೋಗವೇನೆಂದು ಕೇಳಿದರೆ ‘ಗೃಹಿಣಿ’ ಎನ್ನುವವರು ಅವರಲ್ಲಿ ಕಡಿಮೆಯಾಗಿದ್ದರು. ಪಾಠ ಒಂದೇ, ಕಲಿಸಿದವರೂ ಅವರೇ. ಹೆಂಗಸರು ಹೊರಗೆ ಓಡಾಡುವುದಕ್ಕೆ ಕಟ್ಟುಪಾಡು ಬಿಗಿಯಾಗಿರುವ ಸಮುದಾಯಗಳಿಂದ ಬಂದವರಲ್ಲಿ ಗೆಳತಿಯಿಂದಾದ ಈ ಪ್ರಯೋಜನ ಇನ್ನೂ ಹೆಚ್ಚಾಗಿ ಕಂಡಿತು.