ಜಯನಗರ
ಬೆಂಗಳೂರಿನ ದಕ್ಷಿಣ ಭಾಗದ ಯೋಜಿತ ಬಡಾವಣೆ. ನಗರ ಸುಧಾರಣಾ ಮಂಡಳಿ ಇದನ್ನು ರೂಪಿಸಿತು. 1948ರಲ್ಲಿ ಅಂದಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಬಡಾವಣೆಗೆ ಶಂಕುಸ್ಥಾಪನೆ ಮಾಡಿದರು. ಅಶೋಕ ಸ್ತಂಭ ಅದರ ಗುರುತು. ಊರಿನ ದಕ್ಷಿಣದ ಗಡಿ ಆಗ ಎಲ್ಲಿತ್ತೆಂಬುದನ್ನು ಸೌತ್ ಎಂಡ್ ವೃತ್ತದ ಹೆಸರೇ ಹೇಳುತ್ತದೆ. ಬಡಾವಣೆಯನ್ನು ಬ್ಲಾಕ್‌ಗಳಾಗಿ ಹಂಚಿ, ಪ್ರತಿಯೊಂದರಲ್ಲೂ ಮೇನ್ ಮತ್ತು ಕ್ರಾಸ್‌ಗಳಿಗೆ ಸಂಖ್ಯೆ ಕೊಟ್ಟರು. ನಾಲ್ಕನೇ ಬ್ಲಾಕಿನ ವಾಣಿಜ್ಯ ಸಂಕೀರ್ಣ ಇಡೀ ಪ್ರದೇಶದ ಪೇಟೆಯಾಯಿತು.

ಜಯನಗರಕ್ಕೆ ಹೆಸರು ತಂದದ್ದು ಮಾತ್ರ ಅಗಲ ಬೀದಿಗಳ ಇಕ್ಕೆಲದ ಮರಗಳು. ದಕ್ಷಿಣ ಅಮೆರಿಕದ ಮಳೆಮರ, ಮಡಗಾಸ್ಕರದ ಗುಲ್‌ಮೊಹರ್, ನಮ್ಮದೇ ನೆಲದ ಹೊಂಗೆ ಇಲ್ಲಿ ಅಕ್ಕಪಕ್ಕ ಬೆಳೆದಿವೆ. ಆಕಾಶಮಲ್ಲಿಗೆ ರಾತ್ರಿ ಅರಳಿ, ಬೆಳಗಿನ ಹೊತ್ತಿಗೆ ಉದ್ದ ಕೊಳವೆಯ ಬಿಳಿ ಹೂಗಳನ್ನು ಕಾಲುದಾರಿಯ ತುಂಬ ಚೆಲ್ಲಿರುತ್ತದೆ. ಅದೇ ಕಾಲುದಾರಿಯ ಚಪ್ಪಡಿಗಳನ್ನು ಹಳೆಯ ಬೇರುಗಳು ಮೇಲೆತ್ತಿರುವುದೂ ಉಂಟು. ಬುಡದವರೆಗೂ ಕಾಂಕ್ರೀಟು ಸುರಿದದ್ದಕ್ಕೆ ಮರವನ್ನು ದೂರುವುದು ನ್ಯಾಯವಲ್ಲ.

2009ರಲ್ಲಿ ಮೆಟ್ರೋ ಮಾರ್ಗಕ್ಕಾಗಿ ಲಕ್ಷ್ಮಣರಾವ್ ಬುಲೆವಾರ್ಡಿನ ಮರಗಳನ್ನು ಕಡಿದಾಗ ನಿವಾಸಿಗಳೂ ಪರಿಸರಾಸಕ್ತರೂ ಬೀದಿಗಿಳಿದು ಪ್ರತಿಭಟಿಸಿದರು. ಜಯನಗರ ನಿಲ್ದಾಣವಿರುವ ಹಸಿರು ಮಾರ್ಗದ ಈ ಭಾಗದಲ್ಲಿ ರೈಲು ಸಂಚಾರ 2017ರಲ್ಲಿ ಶುರುವಾಯಿತು.